ಎರೆಮಣ್ಣಿನ ನೀರಿಗೆ ಯಾವ ಎರೆ?

ಮಳೆಗಾಲ ಕಳೆದು ಎಷ್ಟೋ ದಿನವಾದರೂ ಹಾವೇರಿ ಸೀಮೆಯ ಹಲವು ಕೆರೆಗಳಲ್ಲಿ ಮೊಣಕಾಲುದ್ದ ನೀರಿಗೆ ಇಳಿದವನಿಗೆ ತನ್ನ ಪಾದ ಕಾಣುವುದಿಲ್ಲ. ಎರೆಹೊಲಗಳಿಂದ ಹರಿದು ಬಂದ ಕಪ್ಪುಮಣ್ಣಿನ ಕಣ ಅಷ್ಟು ಸಣ್ಣದು. ಜೋರು ಗಾಳಿ ಬೀಸಿದರೆ ಸಾಕು, ಎಮ್ಮೆ ಇಳಿದರೆ ಸಾಕು, ತಳಕ್ಕೆ ಕೂತದ್ದು ಮತ್ತೆ ಮೇಲೇಳುತ್ತದೆ. ಈಗ ಇಂಥ ನೀರಿಗೂ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳು ಬೀಳತೊಡಗಿವೆ. ಹಾವೇರಿಯ ಹೆಗ್ಗೇರಿ, ರಾಣೇಬೆನ್ನೂರಿನ ದೊಡ್ಡಕೆರೆ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕೆರೆಗಳಂಥ ಕಡೆ ಗಾಳ ಹಾಕುವ ಹವ್ಯಾಸಿಗೆ ರಾಡು, ರೀಲು, ಡಬ್ಬಿ ತುಂಬ ‘ಲೂರ್’ ಎಂಬ ಹುಸಿ ಎರೆ ಎಲ್ಲವೂ ಫೋನಿನಲ್ಲೇ ಸಿಗುತ್ತವೆ. ಅವುಗಳಲ್ಲಿ ಈ ನೀರಿಗೆ ಒಗ್ಗುವುದು ಎಷ್ಟು ಎಂಬುದನ್ನು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ಈ ಪ್ಲಾಸ್ಟಿಕ್ ಮೀನಿನ ಹುಟ್ಟನ್ನು ನೋಡಿದರೆ ತೊಡಕು ಅರ್ಥವಾಗುತ್ತದೆ. 1936ರಲ್ಲಿ ಫಿನ್‌ಲೆಂಡಿನ ಮೀನುಗಾರ ಲೌರಿ ರಾಪಾಲಾ ಕಾರ್ಕಿನ ತುಂಡೊಂದನ್ನು ಚಾಕುವಿನಲ್ಲಿ ಕೆತ್ತಿ, ಚಾಕೊಲೇಟಿನ ಬೆಳ್ಳಿಕಾಗದ ಸುತ್ತಿ, ಗಾಯಗೊಂಡ ಮರಿಮೀನಿನಂತೆ ಓಲಾಡುವ ಹುಸಿಮೀನು ಮಾಡಿದ. ಗುಂಪಿನಲ್ಲಿ ತತ್ತರಿಸುವ ಒಂದು ಮೀನಿನ ಮೇಲೇ ಬೇಟೆಮೀನು ಎರಗುವುದನ್ನು ಅವನು ತನ್ನ ದೋಣಿಯಿಂದ ಗಮನಿಸಿದ್ದ. ಅದು ಕಣ್ಣಿಗೆ ಕಾಣುವ ನೀರು, ಕಣ್ಣಿನಿಂದ ಬೇಟೆಯಾಡುವ ಮೀನು. ಹಾವೇರಿಯ ಕೆರೆಯಲ್ಲಿ ಮೊದಲನೆಯದು ಅಪರೂಪ, ಎರಡನೆಯದು ಕಡಿಮೆ.

ಇಲ್ಲಿನ ಕೆರೆಗಳಿಗೆ ಬಿಡುವುದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಯ ಮರಿಗಳನ್ನು. ಮೊದಲ ಮೂರು ಗಂಗಾ ಬಯಲಿನಿಂದ ಬಂದವು. ಹರಿವಿಲ್ಲದ ಕೆರೆಯಲ್ಲಿ ಅವು ತಾವಾಗಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಚುಚ್ಚುಮದ್ದು ಕೊಟ್ಟು ಇವುಗಳನ್ನು ಮರಿ ಮಾಡಿಸುವ ದಾರಿ ತೋರಿದ ಮೇಲೆಯೇ ನಾಡಿನ ಕೆರೆಗಳಿಗೆಲ್ಲ ಇವು ಹಬ್ಬಿದ್ದು. ಕಾಟ್ಲಾ ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ರೋಹು ನಡುನೀರಿನಲ್ಲಿ ಮೇಯುತ್ತದೆ, ಮೃಗಾಲ್ ಮತ್ತು ಗೆಂಡೆ ತಳದ ಕೆಸರು ಕೆದಕುತ್ತವೆ. ಇವು ಯಾವುವೂ ಇನ್ನೊಂದು ಮೀನನ್ನು ಅಟ್ಟಿ ಹಿಡಿಯುವ ಜಾತಿಯಲ್ಲ. ಇವುಗಳ ಮುಂದೆ ಥಳಥಳಿಸುವ ಹುಸಿಮೀನನ್ನು ದಿನವಿಡೀ ಎಳೆದಾಡಿದರೂ ನೋಯುವುದು ಎಳೆದವನ ರಟ್ಟೆ ಮಾತ್ರ.

ಗೆಂಡೆಗೆ ಬೇಕಾದದ್ದು ವಾಸನೆ. ಹುರಿದ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿ ಕಟ್ಟಿದ ಉಂಡೆ, ಎರೆಹುಳು, ಜೋಳದ ದಂಟಿನ ಬೆಂಡು: ಇಷ್ಟೇ ಸರಂಜಾಮು, ಇಷ್ಟೇ ಸಾಕು. ಹಿಂಡಿ ನೀರಿನಲ್ಲಿ ನಿಧಾನ ಕರಗುತ್ತ ವಾಸನೆ ಹರಡುತ್ತದೆ. ಮೀಸೆಯಿಂದಲೂ ಮೂಗಿನಿಂದಲೂ ತಿನಿಸು ಹುಡುಕುವ ಗೆಂಡೆಗೆ ಕಲಕು ನೀರು ಅಡ್ಡಿಯಾಗುವುದಿಲ್ಲ. ಹಗುರಾದ ಬೆಂಡು ಮೀನಿನ ಸಣ್ಣ ಮುಟ್ಟುವಿಕೆಗೂ ಅಲುಗುತ್ತದೆ. ಗೆಂಡೆಯ ಮಟ್ಟಿಗೆ ಹಳೆಯ ವಿಧಾನವೇ ಗೆಲ್ಲುತ್ತದೆ, ಅದೂ ದೊಡ್ಡ ಅಂತರದಲ್ಲಿ.

ಮೀನಿಗೆ ತಕ್ಕ ತಿನಿಸು ಎಂಬ ಈ ತಿಳಿವಳಿಕೆ ಕನ್ನಡ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಯಾವುದಕ್ಕೆ ಯಾವ ತಿನಿಸು, ಗಾಳದ ಕೋಲು ದಾರಗಳು ಎಂಥವಿರಬೇಕು ಎಂಬುದನ್ನೆಲ್ಲ ಅದು ವಿವರಿಸುತ್ತದೆ. ಇದೇ ಶತಮಾನದಲ್ಲಿ ದೋಣಿ ನಡೆಸುತ್ತಿದ್ದ ವಚನಕಾರ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ರಾಣೇಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗೇ ಇದೆ. ಇಷ್ಟು ಹಳೆಯ ನಂಟಿರುವ ಸೀಮೆ ತನ್ನ ನೀರಿನ ಪಾಠವನ್ನು ಪರದೇಶದ ವಿಡಿಯೊಗಳಿಂದ ಕಲಿಯಹೊರಟಿರುವುದು ಬೇಸರದ ಸಂಗತಿ.

ಹಾಗೆಂದು ಹೊಸದನ್ನೆಲ್ಲ ತಳ್ಳಿಹಾಕುವಂತಿಲ್ಲ. ರಬ್ಬರ್ ಕಪ್ಪೆ ಕೊಟ್ಟ ದುಡ್ಡಿಗೆ ನ್ಯಾಯ ಸಲ್ಲಿಸುತ್ತದೆ. ಜೊಂಡು, ತಾವರೆ ಎಲೆ ಮುಚ್ಚಿದ ಕೆರೆಯಂಚಿನಲ್ಲಿ ಕೊರವ ಮೀನು ಹೊಂಚು ಹಾಕುತ್ತದೆ. ಅದು ಉಸಿರಿಗಾಗಿ ಆಗಾಗ ಮೇಲೆ ಬರುವ ಮೀನು. ಮೇಲೆದ್ದ ಗುಳ್ಳೆಯೇ ಅದರ ವಿಳಾಸ. ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡಿರುವ ಟೊಳ್ಳು ಕಪ್ಪೆ ಕಳೆಗೆ ಸಿಕ್ಕಿಕೊಳ್ಳದೆ ಎಲೆಯಿಂದ ಎಲೆಗೆ ಜಾರುತ್ತದೆ, ಕೊರವ ಕಚ್ಚಿ ಅದುಮಿದಾಗಷ್ಟೇ ಕೊಕ್ಕೆ ಹೊರಬರುತ್ತದೆ. ಕಲಕು ನೀರಿನಲ್ಲೂ ಅದರ ಟಪಟಪ ಸದ್ದು, ಮೇಲ್ಪದರದ ಅಲುಗು ಮೀನಿಗೆ ತಲುಪುತ್ತದೆ. ಬದುಕಿದ ಕಪ್ಪೆಯ ಬೆನ್ನಿಗೆ ಕೊಕ್ಕೆ ಚುಚ್ಚುವ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು. ಇಲ್ಲಿ ಬಣ್ಣದ ಚರ್ಚೆ ವ್ಯರ್ಥ; ಕೆಳಗಿನಿಂದ ನೋಡುವ ಮೀನಿಗೆ ಬೆಳಕಿನ ಎದುರು ಕಪ್ಪು ಆಕಾರ ಕಂಡರೆ ಆಯಿತು.

ಆದರೆ ಈ ಕಪ್ಪೆಯ ಗೆಲುವಿನಲ್ಲೇ ದೊಡ್ಡ ತಪ್ಪೊಂದು ಅಡಗಿದೆ. ಮಳೆ ಹಿಡಿದ ಮೇಲೆ ಮರಿ ಮಾಡುವ ಕೊರವ, ಕೆಂಪು ಮರಿಗಳ ಗುಂಪನ್ನು ವಾರಗಟ್ಟಲೆ ಕಾಯುತ್ತದೆ. ನೀರ ಮೇಲೆ ಕುದಿಯುವಂತೆ ಕಾಣುವ ಆ ಗುಂಪಿನ ಮೇಲೆ ಏನು ಬಿದ್ದರೂ ತಾಯಿತಂದೆ ಎರಗುತ್ತವೆ. ಹಸಿವೆಗಲ್ಲ, ಮರಿಗಳ ಕುರಿತ ಭಯಕ್ಕೆ. ಆ ಹೊತ್ತಿನಲ್ಲಿ ಕಪ್ಪೆ ಎಸೆದು ದೊಡ್ಡ ಮೀನು ಎತ್ತಿ ಫೋಟೊ ತೆಗೆಸಿಕೊಳ್ಳುವುದರಲ್ಲಿ ಜಾಣತನವಿಲ್ಲ. ಕಾವಲು ತಪ್ಪಿದ ಮರಿಗಳನ್ನು ಉಳಿದ ಮೀನುಗಳು ಬೇಗನೆ ಮುಗಿಸುತ್ತವೆ. ಕಾಟ್ಲಾದ ಹಾಗೆ ಕೊರವದ ಮರಿಗಳನ್ನು ಯಾರೂ ವರ್ಷವರ್ಷ ಚೀಲದಲ್ಲಿ ತಂದು ಸುರಿಯುವುದಿಲ್ಲ.

ಹೊಳೆಯ ಲೆಕ್ಕ ಬೇರೆ. ಮಲೆನಾಡಿನಿಂದ ಇಳಿವ ತುಂಗಭದ್ರೆ ಆಷಾಢ, ಶ್ರಾವಣಗಳಲ್ಲಿ ಕೆಂಪಗೆ ಉಕ್ಕುತ್ತದೆ; ಆಗ ಗಾಳಕ್ಕೂ ಕೆಲಸವಿಲ್ಲ, ದಂಡೆಯಲ್ಲಿ ನಿಲ್ಲುವುದೂ ಕ್ಷೇಮವಲ್ಲ. ದೀಪಾವಳಿ ದಾಟಿ ನೀರು ತಿಳಿಯಾದ ಮೇಲೆ ಹೊಳೆಯುವ ಸ್ಪೂನಿಗೆ, ತಿರುಗುವ ಸ್ಪಿನ್ನರಿಗೆ ಅರ್ಥ ಬರುತ್ತದೆ. ಕುಮುದ್ವತಿ ಸೇರುವ ಮುದೇನೂರು, ವರದೆ ಸೇರುವ ಗಳಗನಾಥ, ಇಂಥ ಕೂಡುನೀರಿನಲ್ಲಿ ಮರಿಮೀನು ಹೆಚ್ಚು, ಅವನ್ನು ಹಿಡಿಯಲು ಬರುವ ಬಾಳೆಮೀನೂ ಹೆಚ್ಚು. ಬಾಳೆಮೀನು ಹುಸಿಮೀನನ್ನು ನಿಜಕ್ಕೂ ಹೊಡೆಯುತ್ತದೆ, ಅದರಲ್ಲೂ ಸಂಜೆ ಬೆಳಕು ಕುಗ್ಗುವಾಗ. ಆದರೆ ಅಳಿವಿನ ಭೀತಿಯ ಪಟ್ಟಿಗೆ ಅದು ಸೇರಿದೆ. ಹೊಳೆಯ ಮರಳು ಬಗೆದು ತೆಗೆದಲ್ಲೆಲ್ಲ ಮೀನಿನ ನೆಲೆಯೂ ಹೋಗಿದೆ. 1980ರ ದಶಕದಲ್ಲಿ ಇದೇ ಹೊಳೆಯಲ್ಲಿ ಕಾರ್ಖಾನೆಯ ಕೊಳಕಿನಿಂದ ಮೀನು ಸತ್ತು ತೇಲಿದಾಗ ಸಮಾಜ ಪರಿವರ್ತನ ಸಮುದಾಯದವರು ಹೋರಾಟಕ್ಕಿಳಿದಿದ್ದರು. ನೀರು ಕೆಟ್ಟ ಕಡೆ ಯಾವ ಕಂಪನಿಯ ಲೂರ್ ಒಳ್ಳೆಯದು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಪ್ಲಾಸ್ಟಿಕ್ ಮೀನಿನ ಪೂರ್ತಿ ಸಾಮರ್ಥ್ಯ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಕುಮಟೆಯ ಅಘನಾಶಿನಿ, ಹೊನ್ನಾವರದ ಶರಾವತಿ ಅಳಿವೆಗಳಲ್ಲಿ ಭರತ ತಿರುಗುವ ಹೊತ್ತಿಗೆ ಕೆಂಬೇರಿ, ಸೀಬಾಸ್ ಕಾಂಡ್ಲಾ ಗಿಡಗಳ ಬುಡದಿಂದ ಹೊರಟು ಮರಿಮೀನನ್ನು ಅಟ್ಟುತ್ತವೆ. ಅಲ್ಲಿ ಪ್ಲಾಸ್ಟಿಕ್ ಮೀನು ತಕ್ಕ ಜಾಗದಲ್ಲಿದೆ.

ಒಳನಾಡಿನ ಹವ್ಯಾಸಿಗೆ ಡಬ್ಬಿ ತುಂಬ ಲೂರ್ ಬೇಕಿಲ್ಲ. ಎರಡು ರಬ್ಬರ್ ಕಪ್ಪೆ, ಹೊಳೆಗೊಂದು ಸ್ಪಿನ್ನರ್, ಉಳಿದದ್ದಕ್ಕೆ ಹಿಂಡಿಯ ಉಂಡೆ ಸಾಕು. ಹಲವು ಕೆರೆಗಳ ಮೀನು ಗುತ್ತಿಗೆ ಹಿಡಿದ ಮೀನುಗಾರರ ಸಂಘದ್ದು. ಮರಿ ಬಿಟ್ಟು, ಕಾದು, ಬಲೆ ಎಳೆದು ಬದುಕುವವರನ್ನು ಕೇಳದೆ ಅಲ್ಲಿ ಗಾಳ ಇಳಿಸಬೇಡಿ. ಮಳೆಗಾಲದಲ್ಲಿ ಜೊಂಡಿನ ಬದಿಗೆ ಕೆಂಪು ಮರಿಗಳ ಗುಂಪು ಕಂಡರೆ ದಾರ ಸುತ್ತಿಕೊಂಡು ಬೇರೆ ಜಾಗ ನೋಡಿ.