ಭಯಾನಕವು ಹಾಸ್ಯವಾದ ಬಗೆ

‘ರೀಫರ್ ಮ್ಯಾಡ್‌ನೆಸ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಚಲಚ್ಚಿತ್ರವು ಅಮೆರಿಕಾದೇಶದಲ್ಲಿ ೧೯೩೬ರಲ್ಲಿ ತಯಾರಾಯಿತು. ಗಾಂಜಾ ಸೇದಿದ ತರುಣರು ಕೊಲೆಗೂ ಉನ್ಮಾದಕ್ಕೂ ಈಡಾಗುವರೆಂದು ತಾಯಿತಂದೆಗಳನ್ನು ಎಚ್ಚರಿಸುವುದು ಅದರ ಉದ್ದೇಶ. ಡ್ವೇನ್ ಎಸ್ಪರನೆಂಬವನು ಅದನ್ನು ಕೊಂಡು, ನೀತಿಯ ನೆಪದಲ್ಲಿ ಜನರ ಕುತೂಹಲವನ್ನೇ ಬಂಡವಾಳ ಮಾಡಿಕೊಂಡನು. ೧೯೭೨ರಿಂದೀಚೆಗೆ ಅದನ್ನು ಕಾಲೇಜುಗಳಲ್ಲಿ ತೋರಿಸಿದವರಾದರೋ ಗಾಂಜಾನಿಷೇಧದ ವಿರೋಧಿಗಳು! ವಿದ್ಯಾರ್ಥಿಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂದು ಆನಂದವರ್ಧನನೂ, ರಸಾಭಾಸವು ಹಾಸ್ಯಕ್ಕೆ ಎಡೆಗೊಡುವುದೆಂದು ಅಭಿನವಗುಪ್ತನೂ ಎಂದೋ ತಿಳಿಸಿರುವರು. ಪಿಯಾನೋ ನುಡಿಸುವವಳನ್ನು ಇನ್ನೂ ಬೇಗ, ಇನ್ನೂ ಬೇಗ ಎಂದು ಪೀಡಿಸುವ ಆ ಉನ್ಮತ್ತನನ್ನು ಕಂಡು ಯಾರು ತಾನೆ ಹೆದರಿಯಾರು?

ಇಂತಹ ಚಿತ್ರಗಳನ್ನು ಒಬ್ಬನೇ ನೋಡಬಾರದು, ತುಂಬಿದ ಸಭೆಯಲ್ಲಿಯೇ ನೋಡಬೇಕು ಎಂಬುದು ಅವುಗಳ ಅಭಿಮಾನಿಗಳ ಮತ. ಇದು ನನಗೂ ಸಮ್ಮತ. ಕೆಟ್ಟುದಾದುದರಿಂದಲೇ ಅದು ಉತ್ತಮವೆಂಬ ಅವರ ಇನ್ನೊಂದು ಮಾತನ್ನು ಮಾತ್ರ ಒಪ್ಪಲಾರೆನು. ಆ ನಗೆಯು ಸಭೆಯ ಸೊತ್ತು, ಚಿತ್ರದ್ದಲ್ಲ.

ಚಿತ್ರದಲ್ಲಿ, ಹೆತ್ತವರೆದುರು ಬೆರಳು ತೋರಿ ಉಪದೇಶಿಸುವ ಮುಖ್ಯೋಪಾಧ್ಯಾಯನೊಬ್ಬನಿದ್ದಾನೆ. ಅವನನ್ನು ನೋಡಿ ನಾನೂ ನಕ್ಕೆನು. ಮರುಕ್ಷಣವೇ, ಮೂವತ್ತು ವರ್ಷ ಬೆತ್ತ ಹಿಡಿದು ಹೆದರಿಸಿಯೇ ನೀತಿ ಕಲಿಸಿದ ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿಯೂ ಇದೇ ನಗೆ ಅಡಗಿದ್ದಿರಬೇಕೆಂದು ಹೊಳೆಯಿತು.