ಶಾಸನಪಾಠದಿಂದ ನೆಲೆಯ ದಾಖಲೆಯತ್ತ: ಶಿಕಾರಿಪುರ–ಸೊರಬ ಪರಿಸರ ಮತ್ತು ಈಸೂರಿನ ನಿದರ್ಶನ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕರ್ನಾಟಕದ ಚರಿತ್ರೆಯ ಪುನಾರಚನೆಗೆ ಅಪಾರ ಆಕರಗಳನ್ನು ಒದಗಿಸಿದ ಪ್ರದೇಶಗಳಾಗಿವೆ. ಮಳವಳ್ಳಿಯ ಪ್ರಾಕೃತ ಶಾಸನ, ತಾಳಗುಂದದ ಕದಂಬ ಸ್ತಂಭ, ಬಂದಳಿಕೆಯ ಬಸದಿ, ಬಳ್ಳಿಗಾವೆಯ ಮಠ–ದೇಗುಲಗಳು, ಕುಬಟೂರಿನ ಕೈಟಭೇಶ್ವರ, ಚಂದ್ರಗುತ್ತಿಯ ಕೋಟೆ ಮುಂತಾದ ನೆಲೆಗಳು ಇಲ್ಲಿ ಕೆಲವೇ ಹರದಾರಿಗಳ ಅಂತರದಲ್ಲಿವೆ. ಬನವಾಸಿ ಪನ್ನಿರ್ಚ್ಛಾಸಿರದ ಒಳವಿಭಾಗಗಳಾದ ನಾಗರಖಂಡ ಎಪ್ಪತ್ತು ಮತ್ತು ಜಿಡ್ಡುಳಿಗೆ ಎಪ್ಪತ್ತು ಹರಡಿದ್ದುದು ಇದೇ ಪರಿಸರದಲ್ಲಿ. ಇದೇ ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಚಳವಳಿಯಲ್ಲಿ ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡು ಚರಿತ್ರೆಯಲ್ಲಿ ಸ್ಥಾನ ಪಡೆಯಿತು.

ಒಂದು ತಾಲ್ಲೂಕಿನ ಚಾರಿತ್ರಿಕ ನೆಲೆಗಳನ್ನು ಊರೂರಿಗೂ ಹೋಗಿ ದಾಖಲಿಸುವ ಕಾರ್ಯ ಈ ಭಾಗದಲ್ಲಿ ಒಂದು ಶತಮಾನಕ್ಕೂ ಹಿಂದೆಯೇ ಆರಂಭವಾಯಿತು. ಆದರೆ ದಾಖಲಾದದ್ದು ಏನು, ದಾಖಲಾಗದೆ ಉಳಿದದ್ದು ಏನು ಎಂಬ ಪ್ರಶ್ನೆ ಸಾಕಷ್ಟು ಚರ್ಚೆಗೆ ಬಂದಿಲ್ಲ. ಶಾಸನದ ಪಾಠವನ್ನು ಉಳಿಸಿಕೊಟ್ಟ ಪದ್ಧತಿಯು ಶಾಸನದ ನೆಲೆಯನ್ನು ಅಷ್ಟೇ ಕಾಳಜಿಯಿಂದ ಉಳಿಸಿಕೊಟ್ಟಿತೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ರೈಸ್ ಅವರ ತಾಲ್ಲೂಕುವಾರು ಕ್ರಮ

ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸುಮಾರು 9000 ಶಾಸನಗಳನ್ನು ಒಳಗೊಂಡಿದೆ. ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿಯೂ ಸೊರಬದ ಶಾಸನಗಳು 1904ರ ಎಂಟನೆಯ ಸಂಪುಟದಲ್ಲಿಯೂ ಸೇರಿವೆ. ಸೊರಬವೊಂದರ ಸಂಖ್ಯೆಯೇ ಐದುನೂರನ್ನು ಮೀರುತ್ತದೆ. ಇದಕ್ಕೂ ಮೊದಲು, 1865ರಲ್ಲಿ, ಮೇಜರ್ ಡಿಕ್ಸನ್ ಅವರು ತೆಗೆದ ಛಾಯಾಚಿತ್ರಗಳಲ್ಲಿ ಬಳ್ಳಿಗಾವೆಯ ಶಾಸನಗಳೂ ಇದ್ದವು. ಅವುಗಳ ಆಧಾರದಿಂದಲೇ ರೈಸ್ ಅವರ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ 1879ರಲ್ಲಿ ಹೊರಬಂದಿತು.

ಈ ಸಂಪುಟಗಳ ಹಿರಿಮೆ ಅವುಗಳ ಕ್ರಮಬದ್ಧತೆಯಲ್ಲಿದೆ. ರಾಜಮನೆತನಗಳಿಗನುಸಾರವಾಗಿ ಅಲ್ಲ, ತಾಲ್ಲೂಕು ಮತ್ತು ಗ್ರಾಮಗಳಿಗನುಸಾರವಾಗಿ ಶಾಸನಗಳನ್ನು ಜೋಡಿಸಲಾಯಿತು. ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಎಂಬ ಮೂರು ಭಾಗಗಳು ಒಂದನ್ನೊಂದು ಪರೀಕ್ಷಿಸಲು ನೆರವಾಗುತ್ತವೆ. ಶಾಸನದ ಇರುನೆಲೆಯನ್ನೂ ಸಂಗ್ರಹಕಾರರು ಕೈಬಿಡಲಿಲ್ಲ. ಸಂಚಾರಕ್ಕೆ ಎತ್ತಿನ ಗಾಡಿಯೇ ಆಧಾರವಾಗಿದ್ದ ಮಲೆನಾಡಿನಲ್ಲಿ ಇಷ್ಟು ಸಾಧಿಸಿದುದು ಸಾಮಾನ್ಯ ಸಂಗತಿಯಲ್ಲ.

ಆದರೂ ಈ ಕ್ರಮದ ಮಿತಿಗಳು ಗಮನಾರ್ಹವಾಗಿವೆ. ದಾಖಲೆಗೆ ಯೋಗ್ಯವಾದುದು ಅಕ್ಷರವುಳ್ಳ ಕಲ್ಲು ಮಾತ್ರ ಎಂಬುದು ಮೊದಲನೆಯ ಮಿತಿ. ಸೊರಬ ತಾಲ್ಲೂಕಿನ ಕೆರೆಯ ಏರಿ, ಊರಬಾಗಿಲು, ಗದ್ದೆಯ ಬದುಗಳಲ್ಲಿ ಕಂಡುಬರುವ ಅಕ್ಷರವಿಲ್ಲದ ವೀರಗಲ್ಲು–ಮಾಸ್ತಿಕಲ್ಲುಗಳಿಗೆ ಈ ಸಂಪುಟಗಳಲ್ಲಿ ಅವಕಾಶವಿರಲಿಲ್ಲ. ನೆಲೆಯ ವಿವರಣೆ ಒಂದು ವಾಕ್ಯಖಂಡದಲ್ಲಿ ಮುಗಿಯುವುದು ಎರಡನೆಯ ಮಿತಿ. ದೇವಸ್ಥಾನದ ಮುಂದೆ, ಹೊಲದಲ್ಲಿ, ಕೆರೆಯ ಹತ್ತಿರ ಎಂಬಂತಹ ಸೂಚನೆಗಳು ಆ ದೇವಸ್ಥಾನ, ಆ ಹೊಲ, ಆ ಕೆರೆ ಇರುವವರೆಗೆ ಮಾತ್ರ ಅರ್ಥಪೂರ್ಣ. ಗುಡಿ ಜೀರ್ಣೋದ್ಧಾರವಾಗಿ, ಹೊಲ ಕೈಬದಲಾಗಿ, ಕೆರೆ ಹೂಳಿನಿಂದ ತುಂಬಿದ ಮೇಲೆ ಪಾಠ ಉಳಿಯುತ್ತದೆ, ನೆಲೆ ಕಳೆದುಹೋಗುತ್ತದೆ. ಮುದ್ರಿತ ಸಂಪುಟವು ಪ್ರಕಟಣೆಯ ವರ್ಷಕ್ಕೇ ನಿಂತುಬಿಡುತ್ತದೆ ಎಂಬುದು ಮೂರನೆಯದು. ಕಲ್ಲಿಗೆ ಮುಂದೆ ಒದಗಿದ ಸ್ಥಿತಿಯನ್ನು ಬರೆಯಲು ಅಲ್ಲಿ ಜಾಗವಿಲ್ಲ.

ತಾಳಗುಂದ ಮತ್ತು ಬಳ್ಳಿಗಾವೆ: ಎರಡು ಪಾಠಗಳು

ಈ ಮಿತಿಗಳ ಪರಿಣಾಮವನ್ನು ತಿಳಿಯಲು ತಾಳಗುಂದ ಉತ್ತಮ ನಿದರ್ಶನ. ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನ, ಅಂದರೆ ಏಳನೆಯ ಸಂಪುಟದ ಶಿಕಾರಿಪುರ 176, ಮಯೂರಶರ್ಮನು ಕಂಚಿಯ ಘಟಿಕಾಸ್ಥಾನಕ್ಕೆ ಹೋದುದನ್ನೂ ಕದಂಬ ರಾಜ್ಯದ ಉದಯವನ್ನೂ ಹೇಳುತ್ತದೆ. ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜನು ರಚಿಸಿದ ಈ ಸಂಸ್ಕೃತ ಕಾವ್ಯವನ್ನು ಬ್ಯೂಲರ್, ಕೀಲ್‌ಹಾರ್ನ್ ಅವರಂತಹ ವಿದ್ವಾಂಸರು ಅಕ್ಷರಶಃ ಪರಿಶೀಲಿಸಿದರು. ಕದಂಬರ ಚರಿತ್ರೆಯ ಯಾವ ಗ್ರಂಥವೂ ಈ ಸ್ತಂಭವನ್ನು ಬಿಟ್ಟು ಮುಂದುವರಿಯಲಾರದು.

ಆದರೆ ಅದೇ ದೇವಾಲಯದ ಉತ್ತರ ಪಾರ್ಶ್ವದ ನೆಲವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 2013–14ರಲ್ಲಿ ಉತ್ಖನನ ಮಾಡಿದಾಗ ಸಿಂಹಕಟಾಂಜನದ ಮೇಲಿನ ಕನ್ನಡ ಶಾಸನವೊಂದು ಬೆಳಕಿಗೆ ಬಂದಿತು. ಇಲಾಖೆಯು ಅದನ್ನು ಕ್ರಿ.ಶ. 370ರ ಸುಮಾರಿನದೆಂದು ಗುರುತಿಸಿದೆ. ಈ ಕಾಲನಿರ್ಣಯವನ್ನು ಒಪ್ಪಿದರೆ ಸಾಮಾನ್ಯವಾಗಿ ಕ್ರಿ.ಶ. 450ಕ್ಕೆ ಸೇರಿಸಲಾಗುವ ಹಲ್ಮಿಡಿ ಶಾಸನಕ್ಕಿಂತ ಇದು ಪ್ರಾಚೀನವಾಗುತ್ತದೆ. ಕಾಲದ ಚರ್ಚೆ ಹೇಗೇ ಇರಲಿ, ಪದ್ಧತಿಯ ದೃಷ್ಟಿಯಿಂದ ಇಲ್ಲಿ ಒಂದು ಪಾಠವಿದೆ. ಸ್ತಂಭವನ್ನು ಒಂದು ಶತಮಾನದುದ್ದಕ್ಕೂ ಓದಿದವರ ಕಾಲಡಿಯಲ್ಲೇ ಇನ್ನೊಂದು ಶಾಸನವಿತ್ತು. ಶಾಸನವನ್ನು ದಾಖಲಿಸಿದ ಮಾತ್ರಕ್ಕೆ ನೆಲೆ ದಾಖಲಾಯಿತೆಂಬ ಭಾವನೆ ಸರಿಯಲ್ಲ.

ಬಳ್ಳಿಗಾವೆಯ ಸ್ಥಿತಿ ಇದಕ್ಕೆ ವಿಲೋಮವಾದುದು. ಅಲ್ಲಿ ಪಾಠವಿದೆ, ನೆಲೆ ಮಸುಕಾಗಿದೆ. ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಅಲ್ಲಿನ ವ್ಯಾಕರಣ–ದರ್ಶನಗಳ ಅಧ್ಯಯನವನ್ನೂ ಅನ್ನದಾನವನ್ನೂ ರೋಗಿಗಳ ಶುಶ್ರೂಷೆಯನ್ನೂ ಹೆಸರಿಸುತ್ತದೆ. ಕಾಳಾಮುಖ ಪರಂಪರೆಯನ್ನು ಕುರಿತ ಬರಹಗಳಲ್ಲಿ ಈ ಶಾಸನ ಮತ್ತೆ ಮತ್ತೆ ಬರುತ್ತದೆ. ಆದರೆ ಕೇದಾರೇಶ್ವರ ದೇವಾಲಯ ಉಳಿದಂತೆ ಮಠದ ಕಟ್ಟಡಗಳು ಉಳಿಯಲಿಲ್ಲ. ವಿದ್ಯಾರ್ಥಿಗಳು ಎಲ್ಲಿ ಕುಳಿತು ಓದಿದರು, ಅನ್ನಛತ್ರ ಎಲ್ಲಿತ್ತು ಎಂಬುದನ್ನು ಪಾಠದಿಂದ ಅರಿಯಲಾಗದು. ಅದಕ್ಕೆ ಕೋಡಿ, ಕೆರೆ, ದಾರಿ, ಅಡಿಪಾಯಗಳ ದಾಖಲೆ ಅಗತ್ಯ.

ಅನ್ಯದೇಶದ ಒಂದು ಹೋಲಿಕೆ

ರೈಸ್ ಅವರ ಸಂಪುಟಗಳು ಮುಗಿದ ಕೆಲವೇ ವರ್ಷಗಳಲ್ಲಿ, 1908ರಲ್ಲಿ, ಇಂಗ್ಲೆಂಡಿನಲ್ಲಿ ಚಾರಿತ್ರಿಕ ಸ್ಮಾರಕಗಳ ರಾಯಲ್ ಕಮಿಷನ್ ಸ್ಥಾಪನೆಯಾಯಿತು. ಅದರ ಮೊದಲ ಪಟ್ಟಿ 1910ರಲ್ಲಿ ಹರ್ಟ್‌ಫರ್ಡ್‌ಶೈರ್ ಕೌಂಟಿಯನ್ನು ಕುರಿತು ಪ್ರಕಟವಾಯಿತು. ಅಕ್ಷರವಿರಲಿ ಇಲ್ಲದಿರಲಿ, ದಿಬ್ಬ, ಕಂದಕ, ಚರ್ಚು, ತೋಟದ ಮನೆಗಳನ್ನು ಗ್ರಾಮಘಟಕಗಳಿಗನುಸಾರವಾಗಿ ನಮೂದಿಸಿದ್ದು ಅದರ ವಿಶೇಷ. ಆದರೆ ಆ ಕಮಿಷನ್ನಿನ ಮೂಲ ಆಜ್ಞೆ 1700ಕ್ಕೆ ಗೆರೆ ಎಳೆದಿತ್ತು. ಅದಕ್ಕಿಂತ ಈಚಿನದು ಎಷ್ಟೇ ಮಹತ್ತ್ವದ್ದಾದರೂ ಪಟ್ಟಿಯ ಹೊರಗೆ. ಈ ಗೆರೆಯನ್ನು ಮುಂದಿನ ದಶಕಗಳಲ್ಲಿ ಸಡಿಲಿಸಬೇಕಾಯಿತು. ಕೌಂಟಿಗಳು ಈಗ ನಿರ್ವಹಿಸುವ ನೆಲೆಗಳ ದಾಖಲೆಗಳು ಮುಚ್ಚಿದ ಗ್ರಂಥಗಳಾಗಿರದೆ ಹೊಸ ಶೋಧವಾದಂತೆ ತಿದ್ದುಪಡಿ ಹೊಂದುವ ಕಡತಗಳಾಗಿವೆ. ಅಕ್ಷರದ ಗೆರೆ, ಕಾಲದ ಗೆರೆ ಎರಡೂ ದಾಖಲೆಕಾರರು ಎಳೆದುಕೊಂಡವು, ಇತಿಹಾಸ ಎಳೆದವಲ್ಲ ಎಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ.

ಈಸೂರಿನ ಪ್ರಶ್ನೆ

ಕಾಲದ ಗೆರೆಯ ತೊಡಕು ಶಿಕಾರಿಪುರದಲ್ಲಿ ಈಸೂರಿನ ರೂಪದಲ್ಲಿ ಎದುರಾಗುತ್ತದೆ. ಮೈಸೂರು ಸಂಸ್ಥಾನದ ಈ ಹಳ್ಳಿ 1942ರಲ್ಲಿ ಕಂದಾಯ ನಿರಾಕರಿಸಿ, ವೀರಭದ್ರೇಶ್ವರ ದೇವಾಲಯದ ಮೇಲೆ ಧ್ವಜವೇರಿಸಿ, ತನ್ನದೇ ಆಡಳಿತವನ್ನು ಸಾರಿತು. ಬಾಲಕರನ್ನೇ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದುದು ಪ್ರಸಿದ್ಧ ಸಂಗತಿ. ಸೆಪ್ಟೆಂಬರ್ 28ರಂದು ಸರ್ಕಾರಿ ಸಿಬ್ಬಂದಿ ಮತ್ತು ಗ್ರಾಮಸ್ಥರ ನಡುವೆ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಹತರಾದರು. ಅನಂತರ ಊರಿನ ಮೇಲೆ ದಂಡನೆಯ ಕಾರ್ಯಾಚರಣೆ ನಡೆದು ಜನ ಕಾಡು ಸೇರಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ ಮತ್ತು ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್ ತಿಂಗಳಲ್ಲಿ ಗಲ್ಲಿಗೇರಿಸಲಾಯಿತು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಮಾತು ಇಂದಿಗೂ ಜನಜನಿತವಾಗಿದೆ.

ಈ ಘಟನೆಯನ್ನು ಕುರಿತ ಹೆಚ್ಚಿನ ಬರಹಗಳು ದಿನಾಂಕ, ಹೆಸರು, ಮೊಕದ್ದಮೆ, ಶಿಕ್ಷೆಗಳನ್ನು ವಿವರಿಸುತ್ತವೆ. ಅಂದರೆ ರೈಸ್ ಅವರ ಸಂಪುಟಗಳಂತೆ ಇವೂ ಪಾಠವನ್ನು ಉಳಿಸುತ್ತವೆ. ಜನ ಸೇರಿದ ಅಂಗಳ, ಸರ್ಕಾರಿ ಸಿಬ್ಬಂದಿ ಬಂದ ದಾರಿ, ಘರ್ಷಣೆ ನಡೆದ ಜಾಗ, ದಾಳಿಗೊಳಗಾದ ಮನೆಗಳು, ಕಾಡಿಗೆ ಹೋದ ಹಾದಿ ಇವು ನಕ್ಷೆಯ ಮೇಲೆ ಬರಬೇಕಾದ ಸಂಗತಿಗಳು. 1958ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಾಚೀನ ಸ್ಮಾರಕವೆನಿಸಲು ಕನಿಷ್ಠ 100 ವರ್ಷ ಸಂದಿರಬೇಕು. ಈ ಅಳತೆಯಿಂದ 1942ರ ಈಸೂರಿನ ಕುರುಹುಗಳು ಆ ವಯಸ್ಸನ್ನು ತಲಪುವುದು 2042ರಲ್ಲಿ. ಮಣ್ಣಿನ ಗೋಡೆ ಮತ್ತು ಮರದ ಕಂಬಗಳ ಮಲೆನಾಡಿನ ಮನೆ ಅಷ್ಟು ಕಾಲ ಕಾಯುವುದಿಲ್ಲ. ಕಂಡವರ ನೆನಪಂತೂ ಕಾಯಲಾರದು. ರಕ್ಷಣೆಗೆ ಕಾನೂನಿನ ಕಾಲಮಿತಿ ಇರಬಹುದು, ದಾಖಲೆಗೆ ಅಂತಹ ಮಿತಿ ಇರಬೇಕಾಗಿಲ್ಲ. ಈ ಎರಡನ್ನು ಒಂದೇ ಎಂದು ಭಾವಿಸಿದುದರಿಂದ ಸಮೀಪಕಾಲದ ನೆಲೆಗಳು ಉಪೇಕ್ಷೆಗೆ ಒಳಗಾಗುತ್ತವೆ.

ವೀರಗಲ್ಲು ಕಲಿಸುವ ಕ್ರಮ

ಹಾಗೆ ನೋಡಿದರೆ ನೆಲೆಯನ್ನು ದಾಖಲಿಸುವ ಕ್ರಮ ಈ ನಾಡಿಗೆ ಹೊಸದೇನಲ್ಲ. ಶಿಕಾರಿಪುರ–ಸೊರಬದ ವೀರಗಲ್ಲುಗಳು ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಸಂದರ್ಭಗಳಲ್ಲಿ ಮಡಿದವರ ಹೆಸರು, ಊರು, ಕಾರಣ, ಕಾಲಗಳನ್ನು ಹೇಳುತ್ತವೆ. ಕಲ್ಲನ್ನು ನಿಲ್ಲಿಸಿದ್ದು ಆ ಊರಿನವರು ಕಾಣುವ ಎಡೆಯಲ್ಲಿ. ಹೀಗಾಗಿ ವೀರಗಲ್ಲು ಎಂಬುದು ಸ್ಮಾರಕವೂ ಹೌದು, ಗ್ರಾಮವು ತಾನೇ ಬರೆದುಕೊಂಡ ದಾಖಲೆಯೂ ಹೌದು. ರಕ್ಷಣೆಯ ಸದುದ್ದೇಶದಿಂದಲೇ ಅಂತಹ ಕಲ್ಲನ್ನು ಬೇರೆಡೆಗೆ ಸಾಗಿಸಿ, ಮೊದಲಿದ್ದ ಜಾಗವನ್ನು ಬರೆದಿಡದೆ ಹೋದರೆ ಕಲ್ಲು ಉಳಿದರೂ ದಾಖಲೆಯ ಅರ್ಧಭಾಗ ನಾಶವಾದಂತೆ.

ಊರನ್ನು ಕಾಯಲು ನಿಂತು ಮಡಿದವರನ್ನು ಊರಿನಲ್ಲೇ ನೆನೆಯುವ ಈ ಪರಂಪರೆಯ ಬೆಳಕಿನಲ್ಲಿ ಈಸೂರಿನ ಹುತಾತ್ಮರ ಸ್ಮಾರಕವನ್ನು ನೋಡಬೇಕಾಗಿದೆ. ಊರಳಿವಿನ ವೀರಗಲ್ಲಿಗೆ ಶಾಸನಸಂಪುಟದಲ್ಲಿ ಕ್ರಮಸಂಖ್ಯೆ ಕೊಟ್ಟ ಅಧ್ಯಯನಶಿಸ್ತು ಅದೇ ತಾಲ್ಲೂಕಿನ 1942ರ ನೆಲೆಗೆ ಸಂಖ್ಯೆ ಕೊಡಲು ಹಿಂಜರಿಯುವುದಕ್ಕೆ ತಾತ್ತ್ವಿಕ ಕಾರಣವಿಲ್ಲ.

ಉಪಸಂಹಾರ

ರಾಷ್ಟ್ರಮಟ್ಟದಲ್ಲಿ 2007ರಲ್ಲಿ ಆರಂಭವಾದ ಸ್ಮಾರಕ ಮತ್ತು ಪ್ರಾಚ್ಯವಸ್ತುಗಳ ರಾಷ್ಟ್ರೀಯ ಅಭಿಯಾನವು ದತ್ತಕೋಶದ ಅಗತ್ಯವನ್ನು ಒಪ್ಪಿಕೊಂಡಿದೆ. ಅದು ಫಲಪ್ರದವಾಗಬೇಕಾದರೆ ಕಾರ್ಯವು ತಾಲ್ಲೂಕು ಮಟ್ಟಕ್ಕೆ ಇಳಿಯಬೇಕು. ಪ್ರತಿಯೊಂದು ನೆಲೆಗೂ ಗ್ರಾಮದ ಕಂದಾಯ ಸರ್ವೆ ನಂಬರು, ಅಕ್ಷಾಂಶ–ರೇಖಾಂಶ, ರೈಸ್ ಅವರ ಸಂಪುಟದಲ್ಲಿದ್ದರೆ ಆ ಸಂಖ್ಯೆ, ಅಂದಿನ ಹಾಗೂ ಇಂದಿನ ಇರುನೆಲೆ, ಊರವರು ಕರೆಯುವ ಹೆಸರು, ಪರಿಶೀಲಿಸಿದ ದಿನಾಂಕ ಇಷ್ಟನ್ನಾದರೂ ಒಂದೇ ಪುಟದಲ್ಲಿ ನಮೂದಿಸುವುದು ಕಷ್ಟಸಾಧ್ಯವಲ್ಲ. ಅಕ್ಷರವಿಲ್ಲದ ಕಲ್ಲು, ಅಲ್ಲಮ–ಅಕ್ಕಮಹಾದೇವಿಯರ ನೆನಪನ್ನು ಹೊತ್ತ ಬಳ್ಳಿಗಾವೆ–ಉಡುತಡಿಯ ಜಾಗಗಳು, ಈಸೂರಿನ ಅಂಗಳ ಎಲ್ಲವೂ ಆ ಕಡತದಲ್ಲಿ ಸೇರಬೇಕು. ಶ್ರುತವಾದುದನ್ನು ಶ್ರುತವೆಂದೂ ಕಂಡುದನ್ನು ಕಂಡುದೆಂದೂ ಬೇರ್ಪಡಿಸಿ ಬರೆದರೆ ಶಾಸ್ತ್ರೀಯತೆಗೆ ಭಂಗವಾಗದು.

ಏಳನೆಯ ಮತ್ತು ಎಂಟನೆಯ ಸಂಪುಟಗಳು ಇಲ್ಲದಿದ್ದರೆ ಈ ಪರಿಸರದ ಚರಿತ್ರೆಯ ಬಹುಭಾಗ ಇಂದು ಅಜ್ಞಾತವಾಗಿರುತ್ತಿತ್ತು. ಆ ಋಣವನ್ನು ತೀರಿಸುವ ಬಗೆ ಅವುಗಳನ್ನು ಉಲ್ಲೇಖಿಸುತ್ತ ಕುಳಿತುಕೊಳ್ಳುವುದಲ್ಲ. ಸಂಪುಟವನ್ನು ಕೈಯಲ್ಲಿ ಹಿಡಿದು ಅಲ್ಲಿ ಹೆಸರಿಸಿದ ಊರಿಗೆ ಮತ್ತೆ ಹೋಗಿ, ಕಲ್ಲು ಇದೆಯೆ, ಇದ್ದರೆ ಎಲ್ಲಿದೆ, ಅದರ ಪಕ್ಕದಲ್ಲಿ ಬರೆಯದೆ ಉಳಿದದ್ದು ಏನಿದೆ ಎಂದು ನೋಡಿ ಬರೆಯುವುದೇ ಆ ಬಗೆ. ಈಸೂರಿನ ಮಟ್ಟಿಗೆ ಆ ಕೆಲಸಕ್ಕೆ 2042ರವರೆಗೆ ಕಾಯುವ ಅವಕಾಶವಿಲ್ಲ.