ಸೈಕಲ್ಲು ಬಂತು, ದಾರಿ ಬರಲಿಲ್ಲ

ನಾನು ಸೈಕಲ್ಲು ಕಲಿತದ್ದು ಹಿರೇಕೆರೂರಿನಲ್ಲಿ, ಬಾಡಿಗೆ ಸೈಕಲ್ಲಿನ ಮೇಲೆ. ತಾಸಿಗೆ ಇಷ್ಟೆಂದು ಚಿಲ್ಲರೆ ಕೊಟ್ಟರೆ ಅಂಗಡಿಯಾತ ಗಂಡಸರ ಎತ್ತರದ ಸೈಕಲ್ಲನ್ನೇ ಕೈಗೆ ಕೊಡುತ್ತಿದ್ದ. ಬಾರಿನ ಕೆಳಗಿನಿಂದ ಕಾಲು ತೂರಿಸಿ, ಲಂಗ ಎತ್ತಿ ಸಿಕ್ಕಿಸಿಕೊಂಡು, ಅಣ್ಣ ಹಿಂದಿನಿಂದ ಹಿಡಿದಿದ್ದಾನೆಂಬ ಭರವಸೆಯಲ್ಲಿ ತುಳಿಯುತ್ತಿದ್ದೆ. ಅವನು ಯಾವಾಗಲೋ ಕೈ ಬಿಟ್ಟಿರುತ್ತಿದ್ದ. ಮೊಣಕಾಲಿನ ಮೇಲಿನ ಕಲೆ ಇಂದಿಗೂ ಹೋಗಿಲ್ಲ. ಆದರೆ ಆಗ ಬೀಳುತ್ತಿದ್ದುದು ನನ್ನ ತಪ್ಪಿನಿಂದ. ರಸ್ತೆಯಲ್ಲಿ ಒಂದಿಷ್ಟು ಚಕ್ಕಡಿ, ಆಗೊಮ್ಮೆ ಈಗೊಮ್ಮೆ ಬಸ್ಸು, ಹತ್ತಿ ಹೇರಿದ ಒಂದೆರಡು ಲಾರಿ. ಬಿದ್ದವಳು ಎದ್ದು ಧೂಳು ಝಾಡಿಸಿಕೊಳ್ಳುವಷ್ಟು ಪುರುಸೊತ್ತು ಆ ರಸ್ತೆಗೆ ಇತ್ತು.

ಈಗ ನಾನು ಐವತ್ತು ದಾಟಿದವಳು. ಶಿಕ್ಷಕಿಯ ನೌಕರಿ ನನ್ನನ್ನು ಹಾನಗಲ್ಲು, ಸವಣೂರು, ಶಿಗ್ಗಾಂವಿ ಎಂದು ಸುತ್ತಿಸಿದೆ. ಊರು ಯಾವುದಾದರೂ ಬೆಳಗಿನ ನೋಟ ಒಂದೇ. ಒಂಬತ್ತೂವರೆಯ ಹೊತ್ತಿಗೆ ಹಳ್ಳಿಯ ಹಾದಿಯಿಂದ ಎರಡು ಜಡೆಯ ಹುಡುಗಿಯರು ಸೈಕಲ್ಲಿನ ಮೇಲೆ ಸಾಲಾಗಿ ಬರುತ್ತಾರೆ, ಕ್ಯಾರಿಯರಿಗೆ ಬುತ್ತಿಚೀಲ ಸಿಕ್ಕಿಸಿಕೊಂಡು. ಈ ನೋಟದ ಹಿಂದೆ ಸರ್ಕಾರದ ಒಂದು ಒಳ್ಳೆಯ ಯೋಜನೆಯಿದೆ. 2006-07ರಲ್ಲಿ ಎಂಟನೆಯ ತರಗತಿಯ ಬಡ ಮನೆತನದ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ಲು ಕೊಡಲು ಶುರು ಮಾಡಿದರು. ಮುಂದೆ ಗಂಡುಮಕ್ಕಳಿಗೂ ಬಂತು. 2020ರ ಕೊರೊನಾ ಕಾಲದಲ್ಲಿ ಹಂಚಿಕೆ ನಿಂತಿತು. ಇಂದು ಹುಡುಗಿಯರು ತುಳಿಯುವ ಸೈಕಲ್ಲುಗಳಲ್ಲಿ ಎಷ್ಟೋ ಅಕ್ಕನಿಂದ ತಂಗಿಗೆ ಇಳಿದುಬಂದವು.

ಸೈಕಲ್ಲಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಬಿಹಾರದ ಲೆಕ್ಕ ಹೇಳಬಹುದು. ಅಲ್ಲಿಯೂ 2006ರಲ್ಲೇ ಹೈಸ್ಕೂಲು ಸೇರುವ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಭ್ಯಾಸ ಮಾಡಿ ನೋಡಿದಾಗ, ಹೈಸ್ಕೂಲಿಗೆ ದಾಖಲಾಗುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತ್ತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚು ಲಾಭವಾಗಿತ್ತು. ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಆರಂಭದಲ್ಲಿ ಅಕ್ಷರ ಚಳವಳಿಯವರು ಓದು ಬರಹದ ಜೊತೆಗೆ ಸೈಕಲ್ಲನ್ನೂ ಕಲಿಸಿದ್ದರು. ಸಾವಿರಾರು ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಕಲಿತರು. ಗಂಡನ ದಾರಿ ಕಾಯದೆ ನೀರು ತಂದರು, ಸಂತೆಗೆ ಹೋದರು.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ತಕರಾರನ್ನು ಹೇಳಬೇಕು. ಸೈಕಲ್ಲು ಕೊಟ್ಟವರು ಅದು ಓಡುವ ರಸ್ತೆಯನ್ನು ನೋಡಲಿಲ್ಲ. ಸೈಕಲ್ಲು ಶಿಕ್ಷಣದ ಬಾಬತ್ತು, ರಸ್ತೆ ಲೋಕೋಪಯೋಗಿಯ ಬಾಬತ್ತು, ಗಟಾರ ಪುರಸಭೆಯ ಬಾಬತ್ತು. ಈ ಮೂರೂ ಕೂಡುವ ಜಾಗದಲ್ಲಿ ಹದಿಮೂರು ವರ್ಷದ ಹುಡುಗಿ ಪೆಡಲು ತುಳಿಯುತ್ತಿರುತ್ತಾಳೆ.

ಎಂಟು ವರ್ಷದ ಹಿಂದಿನ ಮಾತು. ಊರಿನ ಹೆಸರು ಬೇಡ, ಈ ನಾಲ್ಕರಲ್ಲಿ ಯಾವುದೆಂದುಕೊಂಡರೂ ಸರಿಯೇ. ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಐದು ಕಿಲೋಮೀಟರು ದೂರದ ಹಳ್ಳಿಯವಳು, ಲೆಕ್ಕದಲ್ಲಿ ಚುರುಕು. ಮಳೆಗಾಲದ ಒಂದು ಮುಂಜಾನೆ ಹಿಂದಿನಿಂದ ಲಾರಿ ಹಾರನ್ನು ಹೊಡೆಯಿತೆಂದು ಎಡಕ್ಕೆ ಸರಿದಳು. ಎಡಕ್ಕಿದ್ದದ್ದು ಗಟಾರದ ಮೇಲಿನ ಕಬ್ಬಿಣದ ಜಾಲರಿ. ಅದರ ಸರಳುಗಳು ರಸ್ತೆಯ ಉದ್ದಕ್ಕೇ ಕೂತಿದ್ದವು. ಸರಳುಗಳ ಸಂದಿಯಲ್ಲಿ ಮುಂದಿನ ಗಾಲಿ ಹೊಕ್ಕು ನಿಂತುಬಿಟ್ಟಿತು, ಹುಡುಗಿ ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಬಿದ್ದಳು. ಮುಂಗೈ ಮುರಿಯಿತು, ಎರಡು ಹಲ್ಲು ಹೋದವು. ಲಾರಿ ತಾಗದೆ ಹೋದದ್ದು ದೇವರ ದಯೆ.

ಅವಳನ್ನು ನೋಡಲು ಮನೆಗೆ ಹೋದೆ. ಅವಳ ತಂದೆ ಚಾಪೆ ಹಾಸಿ, ಚಹಾ ಕೊಡಿಸಿ, ಮೆಲ್ಲಗೆ ಅಂದರು: "ಅಕ್ಕಾರ, ಸೈಕಲ್ಲು ಸಾಕ್ರಿ. ಹೆಣ್ಣಹುಡುಗಿ, ನಾಳೆ ಕೈಕಾಲಿಗೆ ಊನ ಆದ್ರ ಯಾರ ಮಾಡ್ಕೋತಾರ್ರಿ?"

"ಬಸ್ಸಿಗೆ ಕಳಸ್ರಿ ಮತ್ತ," ಎಂದೆ.

"ಬಸ್ಸು ಬರೋದು ಹನ್ನೊಂದಕ್ಕ ಐತ್ರಿ. ಸಾಲಿ ಹತ್ತಕ್ಕ."

ಹುಡುಗಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಕಟ್ಟು ಹಾಕಿದ ಕೈ ಮಾತ್ರ ನನಗೆ ಕಾಣುತ್ತಿತ್ತು. ಒಂದು ತಿಂಗಳು ಕಾಯ್ದೆವು. ಮತ್ತೆರಡು ಸಲ ಹೋಗಿ ಬಂದೆ. ಆಮೇಲೆ ಅವಳ ಹೆಸರಿನ ಮುಂದೆ ನಾನೇ ಕೆಂಪು ಗೆರೆ ಎಳೆದೆ.

ಅಂದಿನಿಂದ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. "ಎಡಕ್ಕ ಹೋಗವಾ, ಅಂಚು ಹಿಡದು ಹೋಗು" ಎಂದು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಕಲಿಸಿದವಳು ನಾನೇ. ಒಂದು ದಿನ ಆ ಅಂಚನ್ನು ನಾನೇ ನಡೆದು ನೋಡಿದೆ. ರಸ್ತೆಯ ನಡುವೆ ಡಾಂಬರು ನುಣ್ಣಗಿತ್ತು, ಕೆಟ್ಟದ್ದೆಲ್ಲ ಅಂಚಿನಲ್ಲಿ ಬಂದು ಕೂತಿತ್ತು. ಉಸುಕು, ಖಡಿ, ಒಡೆದ ಬಾಟಲಿಯ ಚೂರು, ತಳ್ಳುಗಾಡಿ, ನಿಲ್ಲಿಸಿದ ಟಂಟಂ, ಗಟಾರದ ಜಾಲರಿ. ನಾವು ಮಕ್ಕಳಿಗೆ ಪಾಠ ಮಾಡಿ ಕಳಿಸುತ್ತಿದ್ದದ್ದು ರಸ್ತೆಯ ಅತ್ಯಂತ ಕೆಟ್ಟ ಎರಡು ಮೊಳಕ್ಕೆ.

ಹಾನಗಲ್ಲಿನ ಕಡೆ ಮಳೆ ಹೆಚ್ಚು, ಮಲೆನಾಡಿನ ಸೆರಗು ಅದು. ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಹಾಕುತ್ತ ಹೋದ ರಸ್ತೆಗಳು ಮಗ್ಗುಲಿನ ಮಣ್ಣಿಗಿಂತ ಒಂದು ಗೇಣು ಎತ್ತರಕ್ಕೆ ಏರಿರುತ್ತವೆ. ಭತ್ತದ ಟ್ರ್ಯಾಕ್ಟರಿಗೆ ಜಾಗ ಬಿಡಲು ಕೆಳಗಿಳಿದ ಸೈಕಲ್ಲು ಮತ್ತೆ ಮೇಲೆ ಹತ್ತಲಾರದು. ಗಾಲಿ ಅಂಚಿಗೆ ಉಜ್ಜಿ ಜಾರುತ್ತದೆ. ಸವಣೂರು ನವಾಬರ ಕಾಲದ ಹಳೆಯ ಪೇಟೆ. ದೊಡ್ಡಹುಣಸೆ ಮರಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ, ವೀಳ್ಯದೆಲೆ ದೂರದ ಊರುಗಳಿಗೆ ಹೋಗುತ್ತದೆ. ಹಳೆಯ ಓಣಿಗಳು ಕಾಲ್ನಡಿಗೆಗೆ, ಕುದುರೆಗೆ ಹುಟ್ಟಿದವು. ಅಲ್ಲಿ ಎದುರುಬದುರು ಎರಡು ಕಾರು ನಿಂತರೆ ಸೈಕಲ್ಲಿನ ಹುಡುಗಿ ಇಳಿದು ದಬ್ಬಿಕೊಂಡೇ ಹೋಗಬೇಕು. ಶಿಗ್ಗಾಂವಿಯದು ಬೇರೆಯೇ ಕಷ್ಟ. ಪುಣೆ-ಬೆಂಗಳೂರು ಹೆದ್ದಾರಿ, ಮೊದಲು 4ನೆಯ ನಂಬರಿನದು, 2010ರ ನಂತರ 48ನೆಯದು, ತಾಲೂಕನ್ನು ಸೀಳಿಕೊಂಡು ಹೋಗಿದೆ. ಇಂಥ ಹೆದ್ದಾರಿಯ ಆಚೆ ಹೊಲ, ಈಚೆ ಶಾಲೆ. ಕೆಳಸೇತುವೆ ಸುತ್ತಿನ ದಾರಿಯಾದರೆ, ಮಳೆನೀರು ನಿಂತು ಕತ್ತಲೆಯಾದರೆ, ಮಕ್ಕಳು ಸೇವಾರಸ್ತೆಯಲ್ಲಿ ಎದುರುದಿಕ್ಕಿಗೇ ಬರುತ್ತಾರೆ. ಶಿಸ್ತಿಲ್ಲವೆಂದು ನಾವು ಬೈಯುತ್ತೇವೆ. ಎರಡು ಕಿಲೋಮೀಟರು ಸುತ್ತುಹಾಕಿ ಬಾ ಎಂದು ನಮ್ಮ ಸ್ಕೂಟಿಗೆ ಹೇಳಿದರೆ ನಾವು ಕೇಳುತ್ತೇವೆಯೇ?

ಇದಕ್ಕೆ ನಿಯಮಗಳಿಲ್ಲವೆಂದಲ್ಲ. ರಸ್ತೆ ಕಟ್ಟುವವರಿಗೆ ಅಳತೆ ಹಾಕಿಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಸೈಕಲ್ಲಿನ ದಾರಿ ಹೇಗಿರಬೇಕೆಂದು 1962ರಲ್ಲೇ ಬರೆದಿಟ್ಟಿದೆ. ಅಗಲ ಕನಿಷ್ಠ ಎರಡು ಮೀಟರು. ರಸ್ತೆಯ ಉಬ್ಬಿಗೂ ಲೆಕ್ಕವಿದೆ: ಎತ್ತರ ಹತ್ತು ಸೆಂಟಿಮೀಟರು, ಅಗಲ 3.7 ಮೀಟರು, ತಾಸಿಗೆ 25 ಕಿಲೋಮೀಟರಿನಲ್ಲಿ ಬಂದ ಗಾಡಿ ಸಲೀಸಾಗಿ ಹತ್ತಿ ಇಳಿಯುವಂತೆ. ನಮ್ಮ ಊರುಗಳ ಉಬ್ಬುಗಳಲ್ಲಿ ಎಷ್ಟೋ ಗೋಣಿಚೀಲ ಮಲಗಿಸಿದಂತಿವೆ. ಮಕ್ಕಳು ಅದನ್ನು ಹತ್ತುವುದಿಲ್ಲ, ನೀರು ಹರಿಯಲೆಂದು ಅಂಚಿನಲ್ಲಿ ಬಿಟ್ಟ ಸಂದಿಯಲ್ಲಿ ತೂರುತ್ತಾರೆ. ಸಂದಿಯ ಪಕ್ಕದಲ್ಲೇ ಗಟಾರ.

ದೊಡ್ಡ ಊರುಗಳಲ್ಲಿ ಸೈಕಲ್ಲಿನ ಮಾತು ಆಗಾಗ ಏಳುತ್ತದೆ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ಲಿನ ವ್ಯವಸ್ಥೆ ಬಂತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರು. ವಾಹನಗಳು ಆ ಕಂಬಗಳನ್ನೇ ಮುರಿದವು. ಅವೆಲ್ಲ ಬೇಕು, ಆದರೆ ಅವುಗಳ ಸುತ್ತಲಿನ ಮಾತೆಲ್ಲ ಆಫೀಸಿಗೆ ಹೋಗುವವರದು, ವ್ಯಾಯಾಮ ಮಾಡುವವರದು. ಸೈಕಲ್ಲು ಬಿಟ್ಟರೆ ಬೇರೆ ಗತಿಯಿಲ್ಲದ ನಮ್ಮ ಹಾಲಿನವನನ್ನು, ಗೌಂಡಿಯನ್ನು, ಶಾಲೆಯ ಹುಡುಗಿಯನ್ನು ಯಾರೂ ಸೈಕಲ್ ಸವಾರರೆಂದು ಎಣಿಸುವುದಿಲ್ಲ.

ಸೈಕಲ್ಲಿನ ನಾಡೆಂದು ಹೆಸರಾದ ಹಾಲೆಂಡೂ ಮೊದಲಿನಿಂದ ಹಾಗಿರಲಿಲ್ಲ. ಕಾರುಗಳು ಹೆಚ್ಚಾಗಿ 1971ರಲ್ಲಿ ಸುಮಾರು 3,300 ಜನ ಅಲ್ಲಿ ರಸ್ತೆಯಲ್ಲಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಆಗ ತಾಯಂದಿರು, ತಂದೆಯರು ಬೀದಿಗಿಳಿದರು. ಮಕ್ಕಳ ಕೊಲೆ ನಿಲ್ಲಿಸಿ ಎಂದೇ ಆ ಚಳವಳಿಯ ಹೆಸರು. ರಸ್ತೆ ಅಡ್ಡಗಟ್ಟಿ ಮಕ್ಕಳನ್ನು ಆಡಲು ಬಿಟ್ಟರು. ಅಲ್ಲಿನ ಇಂದಿನ ಸೈಕಲ್ ದಾರಿಗಳ ಹಿಂದೆ ಆ ಹಟವಿದೆ.

ನಾವು ಅಷ್ಟು ದೂರ ಹೋಗುವುದು ಬೇಡ. ಜಾಗವಿಲ್ಲ, ರೊಕ್ಕವಿಲ್ಲ ಎನ್ನುವವರ ಮಾತನ್ನೂ ಒಪ್ಪೋಣ. ಜಾಲರಿಯ ಸರಳನ್ನು ರಸ್ತೆಗೆ ಅಡ್ಡಲಾಗಿ ಕೂಡಿಸಲು ಹೆಚ್ಚಿನ ಜಾಗ ಬೇಕೇ? ಡಾಂಬರಿನ ಅಂಚಿಗೆ ಗರಸು ತುಂಬಿ ಬಡಿಯಲು, ಉಸುಕು ಗುಡಿಸಲು, ಉಬ್ಬನ್ನು ಅಳತೆಯಂತೆ ಹಾಕಲು, ಶಾಲೆ ಕೂಡುವ ಬಿಡುವ ಹೊತ್ತಿಗೆ ಒಂದು ತಾಸು ದೊಡ್ಡ ಲಾರಿಗಳನ್ನು ಊರ ಹೊರಗೆ ತಡೆಯಲು ಕೋಟಿಗಟ್ಟಲೆ ಬೇಡ. ಶಾಲೆಯ ಬಾಗಿಲಲ್ಲಿ ಅಡ್ಡಾದಿಡ್ಡಿ ನಿಲ್ಲುವ ಸ್ಕೂಟಿಗಳು ನಮ್ಮವೇ, ತಾಯಂದಿರದು, ಶಿಕ್ಷಕಿಯರದು. ಅವನ್ನು ನೂರು ಹೆಜ್ಜೆ ದೂರ ನಿಲ್ಲಿಸಲು ಯಾರ ಅಪ್ಪಣೆಯೂ ಬೇಡ.

ಆ ವರ್ಷ ಹುಡುಗಿಯರಿಂದಲೇ ಶಾಲೆಯ ದಾರಿಯ ನಕಾಶೆ ಬರೆಸಿ, ಬಿದ್ದ ಜಾಗಕ್ಕೆಲ್ಲ ಕೆಂಪು ಚುಕ್ಕೆ ಇಡಿಸಿ, ಒಂದು ಕಚೇರಿಗೆ ಒಯ್ದಿದ್ದೆ. ಮೇಜಿನ ಆಚೆ ಇದ್ದವರು ನಕ್ಕು, "ಈಗ ಸೈಕಲ್ಲು ಯಾರು ಹೊಡೀತಾರ್ರೀ ಮೇಡಂ? ಎಲ್ಲಾರೂ ಗಾಡಿ ತಗೊಂಡಾರ" ಎಂದರು. ಕಿಟಕಿಯ ಹೊರಗೆ ಅವರ ಜವಾನನ ಸೈಕಲ್ಲು ಗೋಡೆಗೆ ಒರಗಿತ್ತು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿದೆ, ಸಂತೋಷವೇ. ಆದರೆ ಶಾಲೆಯ ವೇಳೆಗೆ ಬಸ್ಸೇ ಬರದ ಹಳ್ಳಿಗೆ ಪುಕ್ಕಟೆ ಟಿಕೆಟ್ಟು ಏನು ಮಾಡೀತು?

ಕೊನೆಗೆ ಆ ಜಾಲರಿಯನ್ನು ಸರಿಮಾಡಿದವರು ಇನ್ನೊಬ್ಬ ಹುಡುಗಿಯ ತಂದೆ, ವೆಲ್ಡಿಂಗ್ ಕೆಲಸದವರು. ನಕಾಶೆಯ ಕೆಂಪು ಚುಕ್ಕೆಗಳನ್ನು ಮಗಳು ಮನೆಯಲ್ಲಿ ತೋರಿಸಿದ್ದಳಂತೆ. ಒಂದು ಭಾನುವಾರ ಬಂದು ಸರಳುಗಳ ಮೇಲೆ ಅಡ್ಡಡ್ಡ ನಾಲ್ಕು ಪಟ್ಟಿ ಬೆಸೆದರು. ಅರ್ಧ ತಾಸಿನ ಕೆಲಸ. ರೊಕ್ಕ ಕೊಡಹೋದರೆ, "ಬ್ಯಾಡ್ರಿ ಅಕ್ಕಾರ, ನನ್ನ ಮಗಳೂ ಇದರ ಮ್ಯಾಲೆ ಹಾದು ಬರ್ತಾಳ" ಎಂದರು. ಈಗ ಅದರ ಮೇಲೆ ಗಾಲಿಗಳು ಖಡಖಡ ಸದ್ದು ಮಾಡುತ್ತ ದಾಟುತ್ತವೆ. ಲೆಕ್ಕದಲ್ಲಿ ಚುರುಕಾಗಿದ್ದ ಆ ಹುಡುಗಿಯ ಸೈಕಲ್ಲು ಮಾತ್ರ ಆ ದಾರಿಗೆ ಮತ್ತೆ ಬರಲಿಲ್ಲ.